ಐ ವರ್ಕ್ ಅನ್ನೂದೋ, ಐ ಆಮ್ ವರ್ಕಿಂಗ್ ಅನ್ನೂದೋ?

ಇಂಟರ್‌ವ್ಯೂಗೆ ಹೊಂಟವರು ಬಾಳ ಮಂದಿ ಇಲ್ಲೇ ಗೊಂದಲ ಆಗ್ತಾರ್ರಿ. ಖಾಯಂ ಮನಿ ವಿಜಯಪುರದಾಗ ಇದ್ರ 'ಐ ಲಿವ್ ಇನ್ ವಿಜಯಪುರ' ಅನ್ರಿ, ಕೋಚಿಂಗ್ ಸಲುವಾಗಿ ಸದ್ಯಕ್ಕ ಧಾರವಾಡದಾಗ ರೂಮ್ ಮಾಡೀರಿ ಅಂದ್ರ 'ಐ ಆಮ್ ಲಿವಿಂಗ್ ಇನ್ ಧಾರವಾಡ' ಛಲೋ, ಯಾಕಂದ್ರ ನಾಳೆ ಅದು ಬದಲಾಗೂದೈತಿ. 'ದಿ ಕೃಷ್ಣಾ ಫ್ಲೋಸ್ ಈಸ್ಟ್' ಯಾವಾಗ್ಲೂ ಖರೆ, ಅದಕ್ಕ ಸಿಂಪಲ್ ಪ್ರೆಸೆಂಟ್, ಅಂದ್ರ ಇಂಗ್ (-ing) ಹಚ್ಚದ ರೂಪ. 'ದಿ ಕೃಷ್ಣಾ ಈಸ್ ರೈಸಿಂಗ್' ಅಂದ್ರ ಈಗ ನೀರು ಏರಾಕತ್ತೈತಿ, ಹೊಳಿ ದಂಡಿ ಮಂದಿ ಸಾಮಾನ ಕಟ್ಟಬೇಕು.

ಬಸ್ಸಿನ ಟೈಮ್‌ಟೇಬಲ್ ನಾಳಿದ್ದಾದ್ರೂ 'ದಿ ಬಸ್ ಲೀವ್ಸ್ ಅಟ್ ಸಿಕ್ಸ್', ನಿಮ್ಮ ಸ್ವಂತ ಪ್ಲಾನ್ ಇದ್ರ 'ಐ ಆಮ್ ಲೀವಿಂಗ್ ಟುಮಾರೋ'.

ಖರೆ ತ್ರಾಸ ಇರೂದು ನೋ (know), ವಾಂಟ್, ಬಿಲೀವ್, ಬಿಲಾಂಗ್ ಇಂಥಾವ್ರಾಗ. ಇವು ಕೆಲಸ ಅಲ್ಲ, ಸ್ಥಿತಿ, ಅದಕ್ಕ 'ಐ ಆಮ್ ನೋಯಿಂಗ್ ಹಿಮ್' ಅನಬ್ಯಾಡ್ರಿ, 'ಐ ನೋ ಹಿಮ್' ಸಾಕು. ಹ್ಯಾವ್ ಮಾತ್ರ ಎರಡೂ ಕಡೆ ಓಡಾಡ್ತೈತಿ: 'ಐ ಹ್ಯಾವ್ ಎ ಬೈಕ್' ಅಂದ್ರ ಗಾಡಿ ನಿಮ್ಮ ಹತ್ರ ಐತಿ, 'ಐ ಆಮ್ ಹ್ಯಾವಿಂಗ್ ಲಂಚ್' ಅಂದ್ರ ರೊಟ್ಟಿ ಕೈಯಾಗೈತಿ, ಆಮ್ಯಾಲೆ ಫೋನ್ ಮಾಡ್ರಿ.

ಇನ್ನೊಂದು, ಸಿಟ್ಟು ತೋರಿಸೂದಿದ್ರ ರೂಢಿಗೂ ಇಂಗ್ ಹಚ್ಚಬಹುದು: 'ಹಿ ಈಸ್ ಆಲ್ವೇಸ್ ಬಾರೋಯಿಂಗ್ ಮೈ ಬೈಕ್'. ಪೆಟ್ರೋಲ್ ಹಾಕಿಸದ ದೋಸ್ತಗ ಇದ ಕರೆಕ್ಟ್.