ನೋಡ್ ಕೈಕೊಟ್ಟಾಗ ಇಲಾಸ್ಟಿಕ್‌ಸರ್ಚ್: ಒಂದು ವಿಮರ್ಶೆ

ದೊಡ್ಡ ದತ್ತಾಂಶ ರಾಶಿಯಲ್ಲಿ ಹುಡುಕಲು ಬಳಸುವ ತಂತ್ರಾಂಶವಾದ ಇಲಾಸ್ಟಿಕ್‌ಸರ್ಚ್‌ನ ವೇಗವನ್ನು ಕುರಿತು ಬೇಕಾದಷ್ಟು ಬರೆಯಲಾಗಿದೆ. ಇಲ್ಲಿ ನಾನು ಪರಿಶೀಲಿಸುವುದು ಒಂದೇ ಪ್ರಶ್ನೆಯನ್ನು: ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪಾದ ಕ್ಲಸ್ಟರ್‌ನಲ್ಲಿ ಒಂದು ನೋಡ್ (ಅಂದರೆ ಒಂದು ಸರ್ವರ್) ಕೈಕೊಟ್ಟಾಗ, ಏನಾಯಿತು, ಏಕಾಯಿತು ಎಂಬುದನ್ನು ಈ ತಂತ್ರಾಂಶ ತನ್ನ ನಿರ್ವಾಹಕರಿಗೆ ಎಷ್ಟು ಸ್ಪಷ್ಟವಾಗಿ ತಿಳಿಸುತ್ತದೆ? ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣ ಹೇಳುವುದರಲ್ಲಿ ಇದು ಯಾವ ಜಿಪುಣತನವನ್ನೂ ತೋರುವುದಿಲ್ಲ. ಆದರೆ ಯಾವ ಪ್ರಶ್ನೆಯನ್ನು ಎಲ್ಲಿ ಕೇಳಬೇಕೆಂದು ಗೊತ್ತಿಲ್ಲದವರಿಗೆ ಆ ಉತ್ತರ ಸುಲಭವಾಗಿ ಕೈಗೆ ಸಿಗುವುದಿಲ್ಲ.

ಮೊದಲ ತೊಡಕು ಕ್ಲಸ್ಟರ್‌ನ ಆರೋಗ್ಯ ತಿಳಿಯಲು ಎಲ್ಲರೂ ಮೊದಲು ನೋಡುವ ಬಣ್ಣದಲ್ಲಿಯೇ ಇದೆ. ಇಂಡೆಕ್ಸ್ ಎಂಬ ದತ್ತಾಂಶ ಸಂಗ್ರಹವನ್ನು ಶಾರ್ಡ್ ಎಂಬ ತುಂಡುಗಳಾಗಿ ನೋಡ್‌ಗಳಿಗೆ ಹಂಚಲಾಗುತ್ತದೆ; ಮೂಲ ತುಂಡು ಪ್ರೈಮರಿ, ಅದರ ನಕಲು ರೆಪ್ಲಿಕಾ. ಎಲ್ಲ ಶಾರ್ಡ್‌ಗಳೂ ತಮ್ಮ ಜಾಗದಲ್ಲಿದ್ದರೆ ಹಸಿರು, ಯಾವುದಾದರೂ ರೆಪ್ಲಿಕಾ ಇಲ್ಲವಾದರೆ ಹಳದಿ, ಪ್ರೈಮರಿಯೇ ಇಲ್ಲವಾದರೆ ಕೆಂಪು. ಒಂದೇ ನೋಡ್ ಇರುವ ಪ್ರಯೋಗದ ಕ್ಲಸ್ಟರ್‌ನಲ್ಲಿ ರೆಪ್ಲಿಕಾ ಇಡಲು ಬೇರೆ ಜಾಗವೇ ಇಲ್ಲದ ಕಾರಣ ಅದು ಸದಾ ಹಳದಿಯಾಗಿ ಉಳಿಯಬಹುದು. ದೊಡ್ಡ ಕ್ಲಸ್ಟರ್ ಒಂದು ಇಡೀ ಯಂತ್ರವನ್ನು ಕಳೆದುಕೊಂಡಾಗ ಕಾಣುವುದೂ ಅದೇ ಹಳದಿ. ಈ ಎರಡು ಸ್ಥಿತಿಗಳ ನಡುವಿನ ಅಂತರವನ್ನು ಬಣ್ಣ ಹೇಳುವುದಿಲ್ಲ. ಆದುದರಿಂದ ಎಚ್ಚರಿಕೆಯ ಸಂದೇಶಗಳನ್ನು ಬಣ್ಣವೊಂದಕ್ಕೇ ಕಟ್ಟಿಹಾಕದೆ, ನೋಡ್‌ಗಳ ಸಂಖ್ಯೆಗೂ ಹಂಚಿಕೆಯಾಗದೆ ಉಳಿದ ಶಾರ್ಡ್‌ಗಳ ಸಂಖ್ಯೆಗೂ ಜೋಡಿಸುವುದು ಒಳ್ಳೆಯದು.

ನೋಡ್ ಹೊರಬಿದ್ದ ಮೊದಲ ನಿಮಿಷದಲ್ಲಿ ಕ್ಲಸ್ಟರ್ ನಡೆದುಕೊಳ್ಳುವ ರೀತಿಯನ್ನು ಮಾತ್ರ ನಾನು ಮನಸಾರೆ ಮೆಚ್ಚುತ್ತೇನೆ. ಕಳೆದುಹೋದ ಪ್ರೈಮರಿಯ ಜಾಗಕ್ಕೆ ರೆಪ್ಲಿಕಾವನ್ನು ಮಾಸ್ಟರ್ (ಇಡೀ ಕ್ಲಸ್ಟರನ್ನು ನಿರ್ವಹಿಸಲು ಆಯ್ಕೆಯಾದ ನೋಡ್) ಕೂಡಲೇ ಏರಿಸುತ್ತದೆ. ಆದರೆ ಹೊಸ ರೆಪ್ಲಿಕಾ ಕಟ್ಟಲು ಅವಸರಪಡದೆ, ಪೂರ್ವನಿಯೋಜಿತವಾಗಿ 1 ನಿಮಿಷ ಕಾಯುತ್ತದೆ. ಆ ಅವಧಿಯಲ್ಲಿ ನೋಡ್ ಮರಳಿ ಬಂದರೆ ದೊಡ್ಡ ಪ್ರಮಾಣದ ದತ್ತಾಂಶವನ್ನು ಜಾಲದ ಮೇಲೆ ಸಾಗಿಸುವ ಕೆಲಸವೇ ತಪ್ಪುತ್ತದೆ. ಯಂತ್ರವನ್ನು ನಾವೇ ಬೇಕೆಂದು ನಿಲ್ಲಿಸುವಾಗ ಈ ಅವಧಿಯನ್ನು ಮುಂಚಿತವಾಗಿ ಹೆಚ್ಚಿಸಿಕೊಳ್ಳಬೇಕು. ಇದನ್ನು ಮರೆತ ಕ್ಲಸ್ಟರ್‌ಗಳು ಒಂದು ಸಾಮಾನ್ಯ ಮರುಪ್ರಾರಂಭಕ್ಕೂ ಗಂಟೆಗಟ್ಟಲೆ ಶಾರ್ಡ್‌ಗಳನ್ನು ಹೊತ್ತು ತಿರುಗುತ್ತವೆ. ರೆಪ್ಲಿಕಾ ಇಲ್ಲದ ಇಂಡೆಕ್ಸ್‌ಗೆ ಇದಾವುದೂ ನೆರವಾಗದು. ಅಲ್ಲಿ ಇರುವ ದಾರಿ ಎರಡೇ: ಹಳೆಯ ನೋಡ್ ಮರಳಬೇಕು, ಇಲ್ಲವೇ ಸ್ನ್ಯಾಪ್‌ಶಾಟ್‌ನಿಂದ, ಅಂದರೆ ಮೊದಲೇ ತೆಗೆದಿಟ್ಟ ಬ್ಯಾಕಪ್‌ನಿಂದ, ಮರುಸ್ಥಾಪಿಸಬೇಕು.

ನೋಡ್ ಏಕೆ ಹೋಯಿತು ಎಂಬುದಕ್ಕೆ ಉತ್ತರ ಹುಡುಕುವವರು ಹೆಚ್ಚಾಗಿ ಹೋದ ನೋಡ್‌ನ ಲಾಗ್ (ಘಟನೆಗಳ ದಾಖಲೆ) ತೆರೆಯುತ್ತಾರೆ. ಮೊದಲು ತೆರೆಯಬೇಕಾದುದು ಆಗ ಆಯ್ಕೆಯಾಗಿದ್ದ ಮಾಸ್ಟರ್‌ನ ಲಾಗ್. ಅಲ್ಲಿ 'ನೋಡ್-ಲೆಫ್ಟ್' ಎಂಬ ಸಾಲಿನಲ್ಲಿ ಕಾರಣವನ್ನೂ ಬರೆದಿರುತ್ತದೆ, ಮತ್ತು ಆ ಒಂದು ಪದ ತನಿಖೆಯ ದಿಕ್ಕನ್ನೇ ನಿರ್ಧರಿಸುತ್ತದೆ. 'ಡಿಸ್‌ಕನೆಕ್ಟೆಡ್' ಎಂದಿದ್ದರೆ ಸಂಪರ್ಕವೇ ಕಡಿದಿದೆ: ಪ್ರಕ್ರಿಯೆ ಸತ್ತಿರಬಹುದು, ಇಲ್ಲವೇ ಜಾಲ ತುಂಡಾಗಿರಬಹುದು. ಮೆಮೊರಿ ಸಾಲದೆ ಲಿನಕ್ಸ್ ಕರ್ನಲ್ ಪ್ರಕ್ರಿಯೆಯನ್ನು ಕೊಂದಿದ್ದರೆ ಇಲಾಸ್ಟಿಕ್‌ಸರ್ಚ್‌ನ ಲಾಗ್ ನಡುವೆಯೇ ನಿಂತುಹೋಗಿರುತ್ತದೆ. ಕೊನೆಯ ಮಾತು ಬರೆಯಲು ಅದಕ್ಕೆ ಅವಕಾಶವೇ ಸಿಕ್ಕಿರುವುದಿಲ್ಲ, ಆದ್ದರಿಂದ ಕರ್ನಲ್‌ನ ಲಾಗ್ ನೋಡದೆ ಕಾರಣ ಸಿಗದು. 'ಫಾಲೋವರ್ಸ್ ಚೆಕ್' ವಿಫಲವಾಯಿತು ಎಂದಿದ್ದರೆ ಕಥೆ ಬೇರೆ. ಮಾಸ್ಟರ್ ಪ್ರತಿ ನೋಡನ್ನೂ 1 ಸೆಕೆಂಡಿಗೊಮ್ಮೆ ವಿಚಾರಿಸುತ್ತದೆ, ಪ್ರತಿ ಸಲ ಉತ್ತರಕ್ಕೆ 10 ಸೆಕೆಂಡು ಕಾಯುತ್ತದೆ, ಸತತ 3 ಬಾರಿ ಉತ್ತರ ಬಾರದಿದ್ದರೆ ನೋಡನ್ನು ಹೊರಗಿಡುತ್ತದೆ. ಇಷ್ಟು ಹೊತ್ತು ಮೌನವಾಗಿದ್ದ ನೋಡ್ ಸತ್ತಿಲ್ಲದೆಯೂ ಇರಬಹುದು: ದೀರ್ಘವಾದ ಗಾರ್ಬೇಜ್ ಕಲೆಕ್ಷನ್ (ಬಳಕೆ ಮುಗಿದ ಮೆಮೊರಿಯನ್ನು ತೆರವುಗೊಳಿಸುವ ಕೆಲಸ), ಉಸಿರುಗಟ್ಟಿದ ಡಿಸ್ಕ್, ತಾತ್ಕಾಲಿಕವಾಗಿ ಸ್ತಬ್ಧಗೊಂಡ ವರ್ಚುವಲ್ ಯಂತ್ರ, ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಮೂರನೆಯದು 'ಲ್ಯಾಗಿಂಗ್'. ವಿಚಾರಣೆಗೆ ಉತ್ತರ ಕೊಡುತ್ತಲೇ ಇದ್ದು, ಕ್ಲಸ್ಟರ್ ಸ್ಥಿತಿಯ (ಯಾವ ಶಾರ್ಡ್ ಎಲ್ಲಿದೆ ಮುಂತಾದ, ಎಲ್ಲ ನೋಡ್‌ಗಳೂ ಹಂಚಿಕೊಳ್ಳುವ ಮಾಹಿತಿಯ) ಹೊಸ ಆವೃತ್ತಿಯನ್ನು ಅಳವಡಿಸಿಕೊಳ್ಳಲು ಹಿಂದೆಬಿದ್ದ ನೋಡ್ ಇದು; ನಿಧಾನವಾದ ಡಿಸ್ಕನ್ನೂ ಮಿತಿಮೀರಿದ ಶಾರ್ಡ್‌ಗಳ ಸಂಖ್ಯೆಯನ್ನೂ ಇಲ್ಲಿ ಮೊದಲು ಶಂಕಿಸಬೇಕು. ಇಷ್ಟು ಸೂಕ್ಷ್ಮವಾದ ವಿವರವನ್ನು ಒಂದೇ ಸಾಲಿನಲ್ಲಿ ಕೊಡುವ ತಂತ್ರಾಂಶ, ಆ ಸಾಲನ್ನು ಲಾಗ್‌ನ ಆಳದಲ್ಲಿ ಹೂತಿಡುವುದೇಕೆ ಎಂಬುದು ನನ್ನ ದೂರು.

ಶಾರ್ಡ್ ಏಕೆ ಮರಳಿ ನೆಲೆಗೊಳ್ಳುತ್ತಿಲ್ಲ ಎಂಬ ಪ್ರಶ್ನೆಗೆ ಇರುವ 'ಅಲೋಕೇಶನ್ ಎಕ್ಸ್‌ಪ್ಲೇನ್' ಎಪಿಐ (ತಂತ್ರಾಂಶವನ್ನು ಪ್ರಶ್ನಿಸಿ ಉತ್ತರ ಪಡೆಯುವ ಕೊಂಡಿ) ನನ್ನ ಅಭಿಪ್ರಾಯದಲ್ಲಿ ಈ ಉತ್ಪನ್ನದ ಅತ್ಯುತ್ತಮ ಭಾಗ. ಪ್ರತಿಯೊಂದು ನೋಡ್ ಆ ಶಾರ್ಡನ್ನು ಯಾವ ನಿಯಮದಡಿ ನಿರಾಕರಿಸಿತು ಎಂಬುದನ್ನು ಅದು ಪೂರ್ಣ ವಾಕ್ಯದಲ್ಲಿ ಹೇಳುತ್ತದೆ. ಆದರೆ ಯಾವ ಶಾರ್ಡ್ ಎಂದು ಹೆಸರಿಸದೆ ಕೇಳಿದರೆ ಹಂಚಿಕೆಯಾಗದ ಯಾವುದೋ ಒಂದನ್ನು ತಾನೇ ಆರಿಸಿಕೊಂಡು ವಿವರಿಸುತ್ತದೆ ಎಂಬುದನ್ನು ನೆನಪಿಡಬೇಕು. ಸತತ 5 ಬಾರಿ ವಿಫಲವಾದ ಹಂಚಿಕೆಯನ್ನು ಕ್ಲಸ್ಟರ್ ಕೈಬಿಡುತ್ತದೆ; ಮೂಲ ಕಾರಣವನ್ನು ಸರಿಪಡಿಸಿದ ಮೇಲೆ, ವಿಫಲವಾದುವನ್ನು ಮತ್ತೆ ಯತ್ನಿಸುವಂತೆ ರೀರೂಟ್ ಆದೇಶ ಕೊಡಬೇಕಾಗುತ್ತದೆ.

ಬಹಳ ಸಲ ಈ ಎಪಿಐ ಬೊಟ್ಟು ಮಾಡುವುದು ಡಿಸ್ಕ್‌ನ ಕಡೆಗೆ. ಪೂರ್ವನಿಯೋಜಿತ ಮಿತಿಗಳ ಪ್ರಕಾರ 85 ಪ್ರತಿಶತಕ್ಕಿಂತ ಹೆಚ್ಚು ತುಂಬಿದ ನೋಡ್‌ಗೆ, ಹೊಸದಾಗಿ ಸೃಷ್ಟಿಯಾದ ಇಂಡೆಕ್ಸ್‌ಗಳ ಪ್ರೈಮರಿಗಳನ್ನು ಬಿಟ್ಟರೆ, ಬೇರೆ ಶಾರ್ಡ್‌ಗಳು ಬರುವುದು ನಿಲ್ಲುತ್ತದೆ, 90 ದಾಟಿದರೆ ಇರುವ ಶಾರ್ಡ್‌ಗಳನ್ನೇ ಬೇರೆಡೆಗೆ ಸಾಗಿಸಲು ಕ್ಲಸ್ಟರ್ ಯತ್ನಿಸುತ್ತದೆ, 95 ದಾಟಿದರೆ ಆ ನೋಡ್‌ನಲ್ಲಿ ಶಾರ್ಡ್ ಇರುವ ಇಂಡೆಕ್ಸ್‌ಗಳಿಗೆ ಬರೆಯುವುದೇ ನಿಷಿದ್ಧ. ಎಲ್ಲ ನೋಡ್‌ಗಳೂ ಮುಕ್ಕಾಲು ಪಾಲಿಗಿಂತ ಹೆಚ್ಚು ತುಂಬಿರುವ ಸಣ್ಣ ಕ್ಲಸ್ಟರ್‌ನಲ್ಲಿ ಒಂದು ಬಿದ್ದರೆ ಅದರ ಹೊರೆ ಉಳಿದವುಗಳ ಹೆಗಲಿಗೇರಿ ಅವೂ ಮಿತಿ ಮುಟ್ಟುತ್ತವೆ. ಯಂತ್ರದ ತೊಂದರೆಯಾಗಿ ಆರಂಭವಾದದ್ದು ಬರೆಯಲಾಗದ ಇಂಡೆಕ್ಸ್ ಆಗಿ ಕಾಣಿಸಿಕೊಳ್ಳುತ್ತದೆ. 7.4ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಜಾಗ ತೆರವಾದ ಮೇಲೂ ಆ ನಿರ್ಬಂಧವನ್ನು ಕೈಯಾರೆ ತೆಗೆಯಬೇಕಿತ್ತು. ಅನಂತರ ಅದು ತಾನಾಗಿಯೇ ತೆರವಾಗುವಂತೆ ಮಾಡಿದ್ದು ತಡವಾದರೂ ಸರಿಯಾದ ತಿದ್ದುಪಡಿ.

ಮಾಸ್ಟರ್ ನೋಡ್‌ಗಳ ವಿಷಯದಲ್ಲಿ 2019ರ 7.0 ಆವೃತ್ತಿ ದೊಡ್ಡ ತಿರುವು. ಅದಕ್ಕೂ ಮುಂಚೆ ಆಯ್ಕೆಗೆ ಬೇಕಾದ ಕನಿಷ್ಠ ಮಾಸ್ಟರ್‌ಗಳ ಸಂಖ್ಯೆಯನ್ನು ನಿರ್ವಾಹಕರೇ ಲೆಕ್ಕಹಾಕಿ ಬರೆಯಬೇಕಿತ್ತು. ಲೆಕ್ಕ ತಪ್ಪಿದರೆ ಜಾಲ ತುಂಡಾದಾಗ ಒಂದು ಕ್ಲಸ್ಟರ್ ಎರಡಾಗಿ ಒಡೆಯುವ ಅಪಾಯವಿತ್ತು. ಈಗ ಆ ಲೆಕ್ಕವನ್ನು ಕ್ಲಸ್ಟರ್ ತಾನೇ ನೋಡಿಕೊಳ್ಳುತ್ತದೆ. ಬಹುಮತದ ನಿಯಮ ಮಾತ್ರ ಬದಲಾಗಿಲ್ಲ: ಮಾಸ್ಟರ್ ಆಗಬಲ್ಲ 3 ನೋಡ್‌ಗಳಿದ್ದರೆ ಒಂದು ಹೋದರೂ ಕೆಲಸ ಸಾಗುತ್ತದೆ, 2 ಮಾತ್ರ ಇದ್ದರೆ ಆ ಭರವಸೆ ಇಲ್ಲ. ಬಹುಮತವೇ ಶಾಶ್ವತವಾಗಿ ಕಳೆದುಹೋದಾಗ ಬಳಸಲು 'ಅನ್‌ಸೇಫ್ ಬೂಟ್‌ಸ್ಟ್ರ್ಯಾಪ್' ಎಂಬ ಸಾಧನವನ್ನು ಕೊಟ್ಟಿದ್ದಾರೆ. ಅದರಿಂದ ದತ್ತಾಂಶ ನಷ್ಟವಾಗಬಹುದೆಂಬ ಎಚ್ಚರಿಕೆಯನ್ನು ಹೆಸರಿನಲ್ಲಿಯೇ ಇಟ್ಟಿರುವುದನ್ನು ನಾನು ಒಪ್ಪುತ್ತೇನೆ. ಒಳ್ಳೆಯ ಸ್ನ್ಯಾಪ್‌ಶಾಟ್ ಇರುವವರು ಅದನ್ನು ಮುಟ್ಟಬಾರದು.

8.7 ಆವೃತ್ತಿಯಿಂದ ಬಳಕೆಗೆ ಸಿದ್ಧವಾಗಿರುವ ಆರೋಗ್ಯ ವರದಿಯ ಎಪಿಐ ನನ್ನ ದೂರುಗಳಲ್ಲಿ ಕೆಲವನ್ನು ತಗ್ಗಿಸಿದೆ. ಲಕ್ಷಣ, ಅದರ ಪರಿಣಾಮ, ಮಾಡಬೇಕಾದ ಕ್ರಮ, ಮೂರನ್ನೂ ಅದು ಒಟ್ಟಿಗೆ ಕೊಡುತ್ತದೆ. ಹಳೆಯ ಆವೃತ್ತಿಯಲ್ಲಿರುವವರಿಗೆ ಇದೊಂದೇ ಕಾರಣವೂ ಮೇಲಿನ ಆವೃತ್ತಿಗೆ ಹೋಗಲು ಸಾಕೆಂದು ನಾನು ಹೇಳುತ್ತೇನೆ. ಆದರೆ ಈ ವರದಿಯೂ ಕ್ಲಸ್ಟರ್ ಉತ್ತರಿಸುವ ಸ್ಥಿತಿಯಲ್ಲಿದ್ದಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಕ್ಲಸ್ಟರ್‌ನ ಲಾಗ್ ಮತ್ತು ಅಳತೆಗಳನ್ನು ಅದೇ ಕ್ಲಸ್ಟರ್‌ನಲ್ಲಿ ಸಂಗ್ರಹಿಸುವ ಪದ್ಧತಿ ಹಲವೆಡೆ ಇದೆ, ಮತ್ತು ಅದು ಬಿದ್ದಾಗ ಬಿದ್ದ ಕಾರಣವೂ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಮೇಲ್ವಿಚಾರಣೆಗೆಂದು ಪ್ರತ್ಯೇಕವಾದ ಒಂದು ಸಣ್ಣ ಕ್ಲಸ್ಟರ್ ಇಡುವ ಖರ್ಚನ್ನು ಇಲಾಸ್ಟಿಕ್‌ಸರ್ಚ್ ಬಳಸುವವರು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.