ಆಸ್ಪರಾಗಸ್: ಸಮತಟ್ಟು ಮಡಿಯೋ ಏರುಮಡಿಯೋ, ಪೈಪ್ ನೀರೋ ಡ್ರಿಪ್ಪೋ?

ಎಳೆಯ ಕುಡಿಯನ್ನೇ ತರಕಾರಿಯಾಗಿ ಕೊಯ್ಯುವ ಆಸ್ಪರಾಗಸ್ ಬೆಳೆಯುವವರು ಸಾಮಾನ್ಯವಾಗಿ ನೀರಿನ ಚಿಂತೆ ಮಾಡುವುದು ಕುಡಿ ಏಳುವ ಕಾಲದಲ್ಲಿ. ಎರಡು ಬಗೆಯ ಮಡಿಗಳನ್ನು ಅಕ್ಕಪಕ್ಕದಲ್ಲೇ ಬೆಳೆಸಿ ನೋಡಿದ ಮೇಲೆ ನನಗೆ ಖಾತ್ರಿಯಾದದ್ದು ಇಷ್ಟು: ಈ ಬೆಳೆಯ ಹಣೆಬರಹ ಬರೆಯುವುದು ಕೊಯ್ಲು ಮುಗಿದ ನಂತರದ ತಿಂಗಳುಗಳು. ಆಗ ಗಿಡ ಎದೆಯೆತ್ತರ ಗರಿ, ಅಂದರೆ ನವಿರಾದ ಹಸಿರು ಕವಲುಗಳನ್ನು ಬಿಟ್ಟು ನಿಂತಿರುತ್ತದೆ. ಆ ಗರಿಗಳು ಮಾಡಿದ ಸಕ್ಕರೆ ಕೆಳಗಿನ ದಪ್ಪ ಬೇರುಗಳಲ್ಲಿ ಕೂಡಿಕೊಳ್ಳುತ್ತದೆ, ಮುಂದಿನ ವರ್ಷದ ಕುಡಿಗಳು ಅದರ ಬಲದಿಂದಲೇ ಮೇಲೇಳುತ್ತವೆ. ಹಾಗಾಗಿ ಯಾವ ಪದ್ಧತಿ ಮೇಲು ಅಂತ ಈ ವರ್ಷದ ಬುಟ್ಟಿ ನೋಡಿ ಹೇಳಲಾಗದು, ಒಂದು ವರ್ಷ ಕಾಯಲೇಬೇಕು.

ನನ್ನದು ಜಿಗುಟು ಮಣ್ಣು. ಒಂದೇ ತಳಿಯ, ಒಂದು ವರ್ಷ ವಯಸ್ಸಿನ ಗಡ್ಡೆಗಳನ್ನು (ಮೊಗ್ಗು, ಬೇರು ಕೂಡಿದ ಬುಡ) ಅರ್ಧ ಸಮತಟ್ಟು ಮಡಿಗೆ, ಇನ್ನರ್ಧ ಸುಮಾರು 20 ಸೆಂ.ಮೀ. ಏರಿಸಿದ ಮಡಿಗೆ ಹಾಕಿದೆ. ಎರಡಕ್ಕೂ ಒಂದೇ ಕಾಂಪೋಸ್ಟ್, ಗಡ್ಡೆಯಿಂದ ಗಡ್ಡೆಗೆ 40 ಸೆಂ.ಮೀ. ಅಂತರ. ಮೊದಲ ವರ್ಷ ಒಂದು ಕುಡಿಯನ್ನೂ ಮುರಿಯಲಿಲ್ಲ. ಈ ಬೆಳೆಯಲ್ಲಿ ಆ ತಾಳ್ಮೆಗೆ ರಿಯಾಯಿತಿ ಇಲ್ಲ.

ಬಿಸಿಲಿದ್ದಷ್ಟು ದಿನ ಸಮತಟ್ಟು ಮಡಿಯೇ ಮುಂದಿತ್ತು, ಅದರಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಬಿಡದೆ ಮಳೆ ಹಿಡಿದಾಗ ಲೆಕ್ಕ ತಿರುಗಿತು. ಸಮತಟ್ಟು ಮಡಿಯ ಒಂದು ಕಡೆ ಗರಿಗಳು ಹೊತ್ತಿಗೆ ಮುಂಚೆಯೇ ಹಳದಿಯಾದವು. ಅಲ್ಲಿಯ ಒಂದು ಗಡ್ಡೆ ಅಗೆದು ನೋಡಿದೆ. ಆರೋಗ್ಯದ ಬೇರು ಬೆಳ್ಳಗೆ, ಬಿಗಿಯಾಗಿ, ಮುರಿದರೆ ಟಕ್ಕೆನ್ನುತ್ತದೆ. ಇದರ ಬೇರು ಕಂದು ಬಣ್ಣಕ್ಕೆ ತಿರುಗಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಒಳಗಿನ ತಿರುಳು ಕರಗಿ ಹೋಗಿ ಬರೀ ಸಿಪ್ಪೆ ಕೈಗೆ ಬಂತು. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಉಸಿರು ಸಿಗುವುದಿಲ್ಲ. ಸೊರಗಿದ ಬೇರನ್ನು ಫೈಟಾಫ್ತೊರಾ, ಫ್ಯುಸೇರಿಯಂ ಥರದ ಕೊಳೆರೋಗಗಳು ಹಿಡಿಯುತ್ತವೆ, ಫ್ಯುಸೇರಿಯಂ ಒಮ್ಮೆ ಸೇರಿತೆಂದರೆ ವರ್ಷಗಟ್ಟಲೆ ಆ ಮಣ್ಣಲ್ಲೇ ಉಳಿಯುತ್ತದೆ. ಅದೇ ಮಳೆಯಲ್ಲಿ ಏರುಮಡಿಯ ಗಿಡಗಳು ಹಸಿರಾಗಿಯೇ ಇದ್ದವು.

ಜಿಗುಟು ಮಣ್ಣಿದ್ದರೆ ಏರುಮಡಿ ಬಿಟ್ಟು ಬೇರೆ ದಾರಿಯನ್ನು ನಾನು ಯಾರಿಗೂ ಹೇಳೆನು. 15 ವರ್ಷಕ್ಕೂ ಮೀರಿ ನಿಲ್ಲಬಲ್ಲ ಬೆಳೆ ಇದು, ಮಡಿ ಕಟ್ಟುವ ಶ್ರಮ ಒಂದೇ ಸಲ. ಮರಳು ಮಣ್ಣಾದರೆ ನೀರು ತಾನೇ ಬಸಿದು ಹೋಗುತ್ತದೆ, ಏರಿಸಿದರೆ ಲಾಭವಿಲ್ಲ, ಮಣ್ಣು ಬೇಗ ಒಣಗುವುದಷ್ಟೇ.

ನೀರು ಕೊಡುವುದರಲ್ಲಿ ಮೂರು ಬಗೆ ನೋಡಿದೆ. ದಿನಾ ಸಂಜೆ ಪೈಪ್ ಹಿಡಿದು ಚಿಮುಕಿಸುವುದು ಮನಸ್ಸಿಗೆ ಹಿತ, ಗಿಡಕ್ಕೆ ನಿಷ್ಪ್ರಯೋಜಕ. ಮೇಲಿನ ಮಣ್ಣು ಕಪ್ಪಗೆ ಒದ್ದೆಯಾಗಿ ಕಾಣುತ್ತದೆ, ನಾಲ್ಕು ಬೆರಳು ಆಳ ಕೆದಕಿದರೆ ಪುಡಿಪುಡಿ. ದಪ್ಪ ಬೇರುಗಳೆಲ್ಲ ಅದಕ್ಕಿಂತ ಕೆಳಗಿರುವುದರಿಂದ ಆ ನೀರನ್ನು ಕುಡಿದದ್ದು ಕಳೆ. ಸ್ಪ್ರಿಂಕ್ಲರ್ ನೀರನ್ನೇನೋ ಸಮನಾಗಿ ಹರಡಿತು, ಆದರೆ ದಟ್ಟ ಗರಿಗಳು ಒದ್ದೆಯಾದರೆ ಬೇಗ ಆರುವುದಿಲ್ಲ. ತುಕ್ಕುರೋಗದ ಶಿಲೀಂಧ್ರಕ್ಕೆ ಬೇಕಾದದ್ದೂ ಅದೇ ಒದ್ದೆ. ಸ್ಪ್ರಿಂಕ್ಲರ್ ಹಾಕಿದ ಕಡೆ ಕಾಂಡದ ಮೇಲೆ ಕಿತ್ತಳೆ-ಕಂದು ಪುಡಿ ಕಂಡಿತು, ಬಟ್ಟೆಗೆ ತಗುಲಿದರೆ ಅಂಟುತ್ತಿತ್ತು. ಗರಿ ಬೇಗ ಒಣಗಿದರೆ ಬೇರಿನ ಸಕ್ಕರೆಯೂ ಅಷ್ಟಕ್ಕೇ ನಿಲ್ಲುತ್ತದೆ.

ಗೆದ್ದದ್ದು ಡ್ರಿಪ್, ಅದೂ ಅಪರೂಪಕ್ಕೆ, ದೀರ್ಘ ಹೊತ್ತು ಬಿಟ್ಟಾಗ. ಗರಿಯ ಕಾಲದಲ್ಲಿ ಮಳೆಯೂ ಸೇರಿ ವಾರಕ್ಕೆ ಸುಮಾರು 25 ಮಿ.ಮೀ., ಅಂದರೆ ಚದರ ಮೀಟರಿಗೆ 25 ಲೀಟರ್ ಸಿಕ್ಕರೆ ಸಾಕು, ಸುಡುಬಿಸಿಲಿದ್ದರೆ ಇನ್ನಷ್ಟು. ನಾನು ನಂಬುವುದು ಕೈಯನ್ನು. 20 ಸೆಂ.ಮೀ. ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕುತ್ತೇನೆ. ಉಂಡೆ ಕಟ್ಟಿ, ಹೆಬ್ಬೆರಳು ತಾಗಿಸಿದರೆ ಒಡೆದರೆ ಹದ ಸರಿ. ಉಂಡೆಯೇ ಕಟ್ಟದಿದ್ದರೆ ಡ್ರಿಪ್ ಬಿಡುತ್ತೇನೆ. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಎಷ್ಟೇ ಬಿಸಿಲಿರಲಿ ವಾಲ್ವ್ ಮುಟ್ಟುವುದಿಲ್ಲ. ಗರಿಯ ಕಾಲದಲ್ಲಿ ಒಣಗಿದ ಸಾಲಿನಿಂದ ಮರುವರ್ಷ ಬಂದದ್ದು ಕಡ್ಡಿಯಂಥ ನಾರುಕುಡಿ, ಹದ ತಪ್ಪದ ಸಾಲಿನದು ಹೆಬ್ಬೆರಳ ದಪ್ಪ. ಕುಡಿ ಏಳುವಾಗ ಎರಡಕ್ಕೂ ಕೊಟ್ಟ ನೀರು ಒಂದೇ.

ಇನ್ನು ಕಳೆ. ಒಣಹುಲ್ಲಿನ ಹೊದಿಕೆ ಒಂದು ಸಾಲಿಗೆ, ಗುದ್ದಲಿ ಮತ್ತೊಂದಕ್ಕೆ. ಹೊದಿಕೆಯ ಕೆಳಗೆ ತೇವ ಎಷ್ಟೋ ಹೊತ್ತು ಉಳಿಯಿತು, ಕಳೆಯೂ ಕಡಿಮೆ. ಆದರೆ ಚಳಿ ಮುಗಿದು ನೆಲ ಕಾಯಬೇಕಾದ ಹೊತ್ತಿನಲ್ಲಿ ಅದೇ ಹೊದಿಕೆ ಬಿಸಿಲಿಗೆ ಅಡ್ಡ ನಿಂತು, ಕುಡಿಗಳು ತಡವಾಗಿ ಎದ್ದವು. ಈಗ ಕುಡಿ ಏಳುವ ಮುಂಚೆ ಹುಲ್ಲನ್ನು ಸಾಲಿನ ಪಕ್ಕಕ್ಕೆ ಎಳೆದಿಟ್ಟು, ಕೊಯ್ಲು ಮುಗಿದ ಕೂಡಲೇ ಮತ್ತೆ ಹರಡುತ್ತೇನೆ. ಗುದ್ದಲಿಯ ತೊಂದರೆ ಬೇರೆ ಥರ. ಗಡ್ಡೆ ವರ್ಷದಿಂದ ವರ್ಷಕ್ಕೆ ಮೇಲಕ್ಕೇರುತ್ತಾ ಬರುತ್ತದೆ. ಸ್ವಲ್ಪ ಆಳವಾಗಿ ಕೊಚ್ಚಿದರೂ ಮೊಗ್ಗಿಗೆ ಏಟು, ಆ ಗಾಯವೇ ಕೊಳೆರೋಗಕ್ಕೆ ಬಾಗಿಲು. ಕಳೆಗೆ ಉಪ್ಪು ಎರಚುವ ಹಳೆಯ ಪದ್ಧತಿಯೂ ಉಂಟು. ಆಸ್ಪರಾಗಸ್ ಉಪ್ಪನ್ನು ತಾಳಿಕೊಳ್ಳುವುದು ನಿಜ, ಆದರೆ ಜಿಗುಟು ಮಣ್ಣು ಉಪ್ಪಿಗೆ ಗಟ್ಟಿ ಕಟ್ಟಿ ನೀರು ಇಂಗುವುದೇ ನಿಲ್ಲುತ್ತದೆ. ದಯವಿಟ್ಟು ಮಾಡಬೇಡಿ.

ನೆಡುವ ಆಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. 10 ಸೆಂ.ಮೀ.ಗೆ ನೆಟ್ಟದ್ದು ಬೇಗ ಎದ್ದು, ಸಣ್ಣ ಕುಡಿ ಜಾಸ್ತಿ ಕೊಟ್ಟಿತು, 20 ಸೆಂ.ಮೀ.ನದು ತಡ, ಕಡಿಮೆ, ದಪ್ಪ. ನಾನು 15ರ ಆಸುಪಾಸಿನಲ್ಲಿ ನಿಂತಿದ್ದೇನೆ.

ಕೊನೆಗೆ ನೀರು ನಿಲ್ಲಿಸುವ ವಿಚಾರ. ಗರಿ ತಾನಾಗಿ ಮಾಗಿ ಹಳದಿಯಾಗತೊಡಗಿದಾಗ ಒಂದು ಸಾಲಿಗೆ ನೀರು ಮುಂದುವರಿಸಿದೆ, ಇನ್ನೊಂದಕ್ಕೆ ಹಂತಹಂತವಾಗಿ ತಗ್ಗಿಸಿದೆ. ತಗ್ಗಿಸಿದ ಸಾಲು ಒಟ್ಟಿಗೆ ಒಣಗಿ ವಿಶ್ರಾಂತಿಗೆ ಹೋಯಿತು. ಮುಂದುವರಿಸಿದ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಹೊಸ ಕುಡಿ ಎದ್ದು, ಕೂಡಿಟ್ಟ ಸಕ್ಕರೆ ಅದಕ್ಕೇ ವ್ಯಯವಾಯಿತು. ಚಳಿಗಾಲವೇ ಇಲ್ಲದ ಪೆರುವಿನ ಮರುಭೂಮಿ ಕರಾವಳಿಯಲ್ಲಿ ಬೆಳೆಗಾರರು ನೀರು ಕಡಿತ ಮಾಡಿಯೇ ಗಿಡವನ್ನು ವಿಶ್ರಾಂತಿಗೆ ಕಳಿಸುತ್ತಾರೆ. ಗರಿ ಪೂರ್ತಿ ಒಣಗುವ ತನಕ ಕತ್ತರಿ ಹಾಕಬೇಡಿ, ಹಸಿರು ಉಳಿದಿರುವಷ್ಟು ದಿನ ಸಕ್ಕರೆ ಕೆಳಗೆ ಇಳಿಯುತ್ತಲೇ ಇರುತ್ತದೆ. ಒಣಗಿದ್ದನ್ನು ನೆಲಮಟ್ಟಕ್ಕೆ ಕತ್ತರಿಸಿ ಮಡಿಯಿಂದ ಆಚೆ ಸಾಗಿಸಿ, ತುಕ್ಕಿನ ಬೀಜಕಣಗಳು ಉಳಿದುಕೊಳ್ಳುವುದು ಆ ಕಡ್ಡಿಗಳಲ್ಲೇ.