ತಲೆಗೆ ಪೆಟ್ಟಾದವರಿಗೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ವಕೀಲರು: ಎಷ್ಟು ಉಪಯೋಗ?

ರಸ್ತೆ ಅಪಘಾತದಲ್ಲಿ ಮಿದುಳಿಗೆ ಪೆಟ್ಟಾದರೆ ಪರಿಹಾರದ ಅರ್ಜಿಗೆ ವಕೀಲರ ಫೀಸು ಕಟ್ಟಲೇಬೇಕೆಂದಿಲ್ಲ. ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟರಿಗೆ ಆದಾಯ ನೋಡದೆ ಜಿಲ್ಲಾ ಪ್ರಾಧಿಕಾರ ವಕೀಲರನ್ನು ಕೊಡುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಅರ್ಜಿ ಹಾಕಲು ಮೋಟಾರು ವಾಹನ ಕಾಯ್ದೆ ಕೊಟ್ಟಿರುವುದು ಅಪಘಾತದಿಂದ 6 ತಿಂಗಳು. ಆಸ್ಪತ್ರೆ ಓಡಾಟದಲ್ಲಿ ಇದು ಜಾರಿಹೋಗಲು ಬಿಡಬೇಡಿ.

ಅರ್ಜಿ ಹಾಕುವವರೆಗೆ ಈ ಸೇವೆ ಚೆನ್ನಾಗಿದೆ. ಕಷ್ಟ ಬರುವುದು ಸಾಕ್ಷ್ಯದಲ್ಲಿ. ಎಫ್‌ಐಆರ್, ವೂಂಡ್ ಸರ್ಟಿಫಿಕೇಟ್ (ಆಸ್ಪತ್ರೆ ಕೊಡುವ ಗಾಯದ ಪ್ರಮಾಣಪತ್ರ), ಸಿ.ಟಿ. ಸ್ಕ್ಯಾನ್, ಬಿಲ್ಲುಗಳಷ್ಟೇ ಸಾಲವು. ಕೈಕಾಲು ನೆಟ್ಟಗಿದ್ದು ನೆನಪು, ಸಿಟ್ಟಿನ ಮೇಲಿನ ಹಿಡಿತ, ಮಾತು ಕೆಟ್ಟಿದ್ದರೆ ಸ್ಕ್ಯಾನ್‌ನಲ್ಲಿ ಅದೆಲ್ಲ ಕಾಣದು. ನಿಮ್ಹಾನ್ಸ್‌ನಂಥ ಕಡೆ ನ್ಯೂರೋಸೈಕಾಲಜಿ ಪರೀಕ್ಷೆ (ನೆನಪು, ಮಾತು, ನಡವಳಿಕೆಯನ್ನು ಅಳೆಯುವುದು) ಮಾಡಿಸಿ, ವರದಿ ಕೊಟ್ಟ ವೈದ್ಯರನ್ನೇ ಸಾಕ್ಷಿಯಾಗಿ ಕರೆಸಲು ವಕೀಲರಿಗೆ ಒತ್ತಾಯಿಸಿ. ಶೇಕಡಾವಾರು ಅಂಗವೈಕಲ್ಯಕ್ಕಿಂತ ದುಡಿಮೆ ಎಷ್ಟು ಹೋಯಿತೆಂಬುದೇ ಮುಖ್ಯ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ನೋಡಿಕೊಳ್ಳುವವರ ಖರ್ಚನ್ನು ಪ್ರತ್ಯೇಕವಾಗಿ ಕೇಳಿ. ಸುಪ್ರೀಂ ಕೋರ್ಟ್ 2020ರ ತೀರ್ಪೊಂದರಲ್ಲಿ ಮಿದುಳಿಗೆ ತೀವ್ರ ಪೆಟ್ಟಾದ 12 ವರ್ಷದ ಹುಡುಗಿಗೆ ಈ ಖರ್ಚನ್ನು ಗುಣಕ ಹಾಕಿಯೇ, ಅಂದರೆ ವರ್ಷದ ಖರ್ಚನ್ನು ವಯಸ್ಸಿಗೆ ತಕ್ಕ ಸಂಖ್ಯೆಯಿಂದ ಗುಣಿಸಿಯೇ ಲೆಕ್ಕ ಹಿಡಿಯಿತು. ಮನೆಯವರೇ ಆರೈಕೆ ಮಾಡುತ್ತಿದ್ದರೂ ಅದು ದುಡಿಮೆಯೇ!

ರಾಜಿ ಮಾಡಿಸುವ ಲೋಕ ಅದಾಲತ್ತಿನಲ್ಲಿ ಬೇಗ ಇತ್ಯರ್ಥವಾಗುತ್ತದೆ ನಿಜ, ಆದರೆ ಅಲ್ಲಿನ ಒಪ್ಪಂದಕ್ಕೆ ಮೇಲ್ಮನವಿ ಇಲ್ಲ. ಚೇತರಿಕೆ ಎಲ್ಲಿಗೆ ನಿಲ್ಲುತ್ತದೆಂದು ವೈದ್ಯರು ಹೇಳುವ ಮೊದಲು ಸಹಿ ಹಾಕಬೇಡಿ.